ಪಿಂಗಾಣಿಯ ಊರು, ಗಡಿಯಾರದ ಊರು

ಜರ್ಮನಿಯ ಪೂರ್ವಭಾಗದಲ್ಲಿರುವ ಸ್ಯಾಕ್ಸನಿ ಪ್ರಾಂತಕ್ಕೆ ಡ್ರೆಸ್‌ಡೆನ್ ರಾಜಧಾನಿ. ಆ ನಗರದಿಂದ ಎಲ್ಬೆ ನದಿಯ ಜಾಡು ಹಿಡಿದು ವಾಯವ್ಯಕ್ಕೆ ಹೋದರೆ ಮೈಸೆನ್ ಎಂಬ ಊರು ಸಿಗುತ್ತದೆ; ದಕ್ಷಿಣಕ್ಕೆ ತಿರುಗಿ ಬೆಟ್ಟಗಳ ನಡುವಣ ಕಣಿವೆಯನ್ನು ಹೊಕ್ಕರೆ ಗ್ಲಾಸ್‌ಹ್ಯುಟ್ಟೆ ಎಂಬ ಊರು ಸಿಗುತ್ತದೆ. ಮೊದಲನೆಯದು ಪಿಂಗಾಣಿಗೆ ಹೆಸರಾದದ್ದು, ಎರಡನೆಯದು ಗಡಿಯಾರಕ್ಕೆ. ಈ ಎರಡು ಊರುಗಳ ವಿದ್ಯೆಗಳು ಒಂದುಗೂಡಿರುವ ಸ್ಥಳವೊಂದಿದೆ. ಅದು ಬಹಳ ಸಣ್ಣದು. ನಮ್ಮ ಹಿರಿಯರ ಕಾಲದ ಬೆಳ್ಳಿಯ ರೂಪಾಯಿಗಿಂತ ತುಸು ದೊಡ್ಡದಾದ ಒಂದು ಬಿಳಿಯ ಬಿಲ್ಲೆ! ಗಡಿಯಾರ ರಿಪೇರಿಯವರು ಅದನ್ನು ಡಯಲು ಎನ್ನುತ್ತಾರೆ. ಮೈಸೆನ್ನಿನ ಚಿತ್ರಗಾರರು ಕುಂಚ ಹಿಡಿದು ಅಂಕಿಗಳನ್ನು ಬರೆದ ಪಿಂಗಾಣಿಯ ಡಯಲನ್ನು ಗ್ಲಾಸ್‌ಹ್ಯುಟ್ಟೆಯ ಕುಶಲಿಗಳು ತಮ್ಮ ಯಂತ್ರದ ಮೇಲೆ ಕೂಡಿಸಿ, ಲೋಕದ ಶ್ರೀಮಂತರ ಕೈಗೆ ಕಟ್ಟಿದ್ದಾರೆ.

ಡ್ರೆಸ್‌ಡೆನ್ನಿನಿಂದ ಮೈಸೆನ್ನಿಗೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. ನನ್ನ ಜೊತೆಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಒಂದು ಕಾಲಕ್ಕೆ ನನ್ನ ಕನ್ನಡ ತರಗತಿಯ ಕಡೆಯ ಬೆಂಚಿನಲ್ಲಿ ಕುಳಿತು ಛಂದಸ್ಸಿನ ಲೆಕ್ಕ ಹಾಕುತ್ತಿದ್ದವನು, ಈಗ ಡ್ರೆಸ್‌ಡೆನ್ನಿನಲ್ಲಿ ಲೋಹ ಮತ್ತು ಮಣ್ಣುಗಳ ಗುಣವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದಾನೆ. ದಾರಿಯ ಎಡಬದಿಗೆ ನದಿ. ಬಲಬದಿಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿಯ ತೋಟಗಳು. ಊರು ಹತ್ತಿರವಾದಂತೆ ನದಿಯ ದಂಡೆಯ ಬಂಡೆಯ ಮೇಲೆ ಆಲ್‌ಬ್ರೆಕ್ಟ್ಸ್‌ಬುರ್ಗ್ ಎಂಬ ಕೋಟೆಯರಮನೆಯೂ ಅದರ ಪಕ್ಕದ ಕೆಥೆಡ್ರಲಿನ ಅವಳಿ ಗೋಪುರಗಳೂ ಎದ್ದು ನಿಲ್ಲುತ್ತವೆ. ಊರೊಳಗೆ ಕಾಲಿಟ್ಟರೆ ಕಲ್ಲು ಹಾಸಿದ ಓಣಿಗಳು, ಕೆಂಪು ಹೆಂಚಿನ ಮನೆಗಳು. ಮಾರುಕಟ್ಟೆಯ ಚೌಕದ ಫ್ರೌಯೆನ್‌ಕಿರ್ಖೆ ಎಂಬ ಇಗರ್ಜಿಯ ಗೋಪುರದಲ್ಲಿ ಪಿಂಗಾಣಿಯ ಗಂಟೆಗಳಿವೆ. 929ರಲ್ಲಿ ಹುಟ್ಟಿದ ಊರು 1929ರಲ್ಲಿ ತನ್ನ ಸಾವಿರ ವರ್ಷವನ್ನು ಆಚರಿಸಿದಾಗ ಅವುಗಳನ್ನು ಅಲ್ಲಿ ತೂಗುಹಾಕಿದರು. ಕಂಚಿನ ಗಂಟೆಯ ಗಾಂಭೀರ್ಯ ಅವಕ್ಕಿಲ್ಲ. ಗಾಜಿನ ಬಟ್ಟಲಿಗೆ ಬೆಳ್ಳಿಯ ಚಮಚ ತಾಗಿದಂತಹ ತೆಳುವಾದ, ಇಂಪಾದ ನಾದ. ಊರಿನವರು ತಲೆಯೆತ್ತಿ ನೋಡುವುದಿಲ್ಲ; ಕೈಚೀಲ ಹಿಡಿದು ತಮ್ಮ ಪಾಡಿಗೆ ತಾವು ನಡೆಯುತ್ತಾರೆ.

ಪಿಂಗಾಣಿ ಎಂದರೆ ನಮಗೆ ಉಪ್ಪಿನಕಾಯಿಯ ಜಾಡಿ, ಚಹದ ಬಟ್ಟಲುಗಳ ನೆನಪು ಬರುತ್ತದೆ. ಮುನ್ನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಅದು ಅರಸರ ಹುಚ್ಚಾಗಿತ್ತು. ಅಪ್ಪಟ ಬಿಳಿಯ, ಬೆಳಕು ಹಾಯುವಷ್ಟು ತೆಳುವಾದ ಪಿಂಗಾಣಿಯನ್ನು ಮಾಡುವ ಬಗೆ ಚೀನ, ಜಪಾನು ಮೊದಲಾದ ಪೂರ್ವದ ದೇಶಗಳಿಗೆ ಮಾತ್ರ ತಿಳಿದಿತ್ತು. ಸ್ಯಾಕ್ಸನಿಯ ದೊರೆಯೂ ಪೋಲೆಂಡಿನ ರಾಜನೂ ಆಗಿದ್ದ ಬಲಶಾಲಿ ಅಗಸ್ಟಸನ ಹುಚ್ಚು ಎಂತಹುದೆಂದರೆ, 1717ರಲ್ಲಿ ಅವನು ತನ್ನ 600 ಮಂದಿ ಅಶ್ವಸೈನಿಕರನ್ನು ಪ್ರಷ್ಯದ ಅರಸನಿಗೆ ಒಪ್ಪಿಸಿ, ಬದಲಿಗೆ 151 ಚೀನೀ ಪಾತ್ರೆಗಳನ್ನು ಪಡೆದನು! ಒಂದು ಹೂಜಿಗೆ ನಾಲ್ಕು ಮಂದಿ ಜೀವಂತ ಮನುಷ್ಯರು. ಆ ಸೈನಿಕರ ಮನೆಯವರು ಈ ವ್ಯಾಪಾರವನ್ನು ಏನೆಂದುಕೊಂಡರೋ, ಚರಿತ್ರೆ ಅದನ್ನು ಬರೆದಿಟ್ಟಿಲ್ಲ.

ಆ ವೇಳೆಗೆ ಅಗಸ್ಟಸನ ಸ್ವಂತ ಆವಿಗೆಯಲ್ಲಿಯೇ ಪಿಂಗಾಣಿ ಬೇಯತೊಡಗಿತ್ತು. ಬ್ಯೋಟ್ಗರ್ ಎಂಬ ತರುಣನು ಬರ್ಲಿನ್ನಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದವನು, ಕೀಳು ಲೋಹವನ್ನು ಚಿನ್ನ ಮಾಡಬಲ್ಲೆನೆಂದು ಹೇಳಿಕೊಂಡು ಅಪಾಯಕ್ಕೆ ಸಿಲುಕಿದನು. 1701ರಲ್ಲಿ ಪ್ರಷ್ಯದಿಂದ ಓಡಿ ಬಂದವನನ್ನು ಅಗಸ್ಟಸನು ಹಿಡಿದು ಕೂಡಿಹಾಕಿದನು. ಚಿನ್ನವೇನೋ ಬರಲಿಲ್ಲ. ಆದರೆ ಚಿರ್ನ್‌ಹೌಸ್ ಎಂಬ ವಿದ್ವಾಂಸನ ಮಾರ್ಗದರ್ಶನದಲ್ಲಿ ಮಣ್ಣುಗಳನ್ನು ಬೆರೆಸಿ ಸುಡುತ್ತ ಹೋದ ಬ್ಯೋಟ್ಗರನಿಗೆ 1708ರಲ್ಲಿ ಬಿಳಿಯ ಪಿಂಗಾಣಿಯ ಗುಟ್ಟು ದೊರೆಯಿತು. 1710ರಲ್ಲಿ ಕಾರ್ಖಾನೆ ಸ್ಥಾಪನೆಯಾಯಿತು. ಗುಟ್ಟು ಹೊರಗೆ ಹೋಗಬಾರದೆಂದು ಅದನ್ನು ಬಂಡೆಯ ಮೇಲಿನ ಆ ಕೋಟೆಯೊಳಗೇ ಇರಿಸಿದರು. ಆದರೂ ಗುಟ್ಟು ಹೋಯಿತು. ಷ್ಟ್ಯೋಲ್ಟ್ಸೆಲ್ ಎಂಬ ಕೆಲಸಗಾರನು ವಿಯೆನ್ನಕ್ಕೆ ಓಡಿಹೋಗಿ ಅಲ್ಲಿಯ ಕಾರ್ಖಾನೆಗೆ ನೆರವಾದನು. 1720ರಲ್ಲಿ ಅವನು ಮರಳಿದಾಗ ಹೆರೋಲ್ಟ್ ಎಂಬ ಚಿತ್ರಗಾರನೂ ಜೊತೆಯಲ್ಲಿ ಬಂದನು. ಮೈಸೆನ್ನಿನ ಬಿಳಿಯ ಪಾತ್ರೆಗಳ ಮೇಲೆ ಬಣ್ಣಗಳು ಅರಳಿದ್ದು ಈ ಹೆರೋಲ್ಟನ ಕಾಲದಿಂದ. ಬ್ಯೋಟ್ಗರನಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಹಿಂದಿನ ವರ್ಷ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡಿದ್ದನು.

1860ರ ದಶಕದಲ್ಲಿ ಕಾರ್ಖಾನೆ ಕೋಟೆಯಿಂದ ಇಳಿದು ಊರಿನ ಟ್ರೀಬಿಷ್ ಕಣಿವೆಗೆ ಬಂದಿತು. ಇಂದಿಗೂ ಅಲ್ಲಿಯೇ ಇದೆ. ಒಂದು ಕಾಲಕ್ಕೆ ಸೈನಿಕರು ಕಾದ ವಿದ್ಯೆಯನ್ನು ಈಗ ಟಿಕೆಟು ಕೊಂಡವರೆಲ್ಲರೂ ನೋಡಬಹುದು. ಪ್ರವಾಸಿಗಳಿಗಾಗಿ ಏರ್ಪಡಿಸಿರುವ ಕೋಣೆಗಳಲ್ಲಿ ಒಬ್ಬರು ತಿಗರಿಯ ಮೇಲೆ ಬಟ್ಟಲು ತಿರುಗಿಸುತ್ತಾರೆ, ಒಬ್ಬರು ಗೊಂಬೆಯ ಕೈಕಾಲುಗಳನ್ನು ಜೋಡಿಸುತ್ತಾರೆ, ಮತ್ತಿಬ್ಬರು ಚಿತ್ರ ಬರೆಯುತ್ತಾರೆ.

ಚೀನೀ ಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ, ಈ ಮೂರು ಸೇರಿದರೆ ಪಿಂಗಾಣಿಯ ಹಿಟ್ಟು. ಅರ್ಧಕ್ಕಿಂತ ಹೆಚ್ಚಿನ ಪಾಲು ಚೀನೀ ಮಣ್ಣಿನದು. ಊರಿಗೆ ಹತ್ತಿರದ ಸೈಲಿಟ್ಸ್ ಎಂಬಲ್ಲಿಯ ಪುಟ್ಟ ಗಣಿಯಿಂದ 1764ರಿಂದ ಆ ಮಣ್ಣನ್ನು ತೆಗೆಯುತ್ತ ಬಂದಿದ್ದಾರೆ. ರೂಪ ಕೊಟ್ಟು ಒಣಗಿಸಿದ ಪಾತ್ರೆಯನ್ನು ಮೊದಲು ಸುಮಾರು 900 ಡಿಗ್ರಿಯ ಶಾಖದಲ್ಲಿ ಸುಡುತ್ತಾರೆ. ಆಗ ಅದು ನೀರು ಹೀರುವ, ಸುಣ್ಣದ ಕಡ್ಡಿಯಂತಹ ವಸ್ತುವಾಗುತ್ತದೆ. ಆಮೇಲೆ ಮೆರುಗಿನ ಲೇಪದಲ್ಲಿ ಅದ್ದಿ, 1400 ಡಿಗ್ರಿಗೂ ಮೇಲಿನ ಶಾಖದಲ್ಲಿ ಮತ್ತೆ ಸುಡುತ್ತಾರೆ. ಚಿನ್ನವೂ ತಾಮ್ರವೂ ನೀರಾಗಿ ಹರಿಯುವ ಶಾಖಕ್ಕಿಂತ ಇದು ಮುನ್ನೂರು ಡಿಗ್ರಿ ಹೆಚ್ಚು. ಈ ಬೆಂಕಿಯಲ್ಲಿ ಪಾತ್ರೆ ಆರನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ.

ನೀಲಿಯ ಚಿತ್ರ ಬರೆಯುವವರ ಬಳಿ ನಾವು ಬಹಳ ಹೊತ್ತು ನಿಂತೆವು. ಕೋಬಾಲ್ಟ್ ಎಂಬ ಲೋಹದಿಂದ ಮಾಡಿದ ನೀಲಿ 1400 ಡಿಗ್ರಿಯ ಬೆಂಕಿಯನ್ನು ತಡೆಯಬಲ್ಲದು. ಆದ್ದರಿಂದ ಅದನ್ನು ಮೆರುಗು ಹಾಕುವ ಮೊದಲೇ, ಆ ನೀರು ಹೀರುವ ಮೈಯ ಮೇಲೆಯೇ ಬರೆಯಬೇಕು. ಚಿತ್ರದ ರೇಖೆಗಳನ್ನು ಸೂಜಿಯಿಂದ ಚುಚ್ಚಿದ ಕಾಗದವನ್ನು ಮೊದಲು ಪಾತ್ರೆಯ ಮೇಲಿಟ್ಟು ಇದ್ದಿಲ ಪುಡಿಯನ್ನು ಉಜ್ಜುತ್ತಾರೆ. ನಮ್ಮ ಮನೆಗಳಲ್ಲಿ ತೂತುಗಳುಳ್ಳ ತಗಡಿನಿಂದ ರಂಗೋಲಿ ಇಡುವ ಉಪಾಯವೇ ಇದು. ಆ ಮಸಿಯ ಚುಕ್ಕಿಗಳು ಬೆಂಕಿಯಲ್ಲಿ ಸುಟ್ಟುಹೋಗುತ್ತವೆ. ಕುಂಚದ ಗೆರೆ ಮಾತ್ರ ಉಳಿಯುತ್ತದೆ. ಬರೆಯುವಾಗ ಆ ಬಣ್ಣ ನೀಲಿಯಾಗಿಯೂ ಕಾಣುವುದಿಲ್ಲ, ಮಂಕಾದ ಕಪ್ಪು. ಬೆಂಕಿಯಿಂದ ಹೊರಬಂದ ಮೇಲೆಯೇ ಅದರ ನಿಜವಾದ ವರ್ಣ. ಒಣ ನೆಲ ಮಳೆಯ ಹನಿಯನ್ನು ಹೀರುವಂತೆ ಪಾತ್ರೆ ಬಣ್ಣವನ್ನು ಹೀರುತ್ತದೆ. ಕುಂಚ ಒಂದು ಕ್ಷಣ ಹೆಚ್ಚು ನಿಂತರೆ ಗೆರೆ ದಪ್ಪವಾಯಿತು. ಅಳಿಸುವ ಮಾತೇ ಇಲ್ಲ.

ಮೈಸೆನ್ನಿನ ಗುರುತಾದ ಎರಡು ಅಡ್ಡಗತ್ತಿಗಳನ್ನೂ ಹೀಗೆಯೇ ಬರೆಯುತ್ತಾರೆ. ಸ್ಯಾಕ್ಸನಿಯ ದೊರೆಗಳ ಲಾಂಛನದಿಂದ ಬಂದ ಈ ಚಿಹ್ನೆ 1720ರ ದಶಕದಿಂದ ಬಳಕೆಯಲ್ಲಿದೆ. ಬಟ್ಟಲಾಗಲಿ, ಗೊಂಬೆಯಾಗಲಿ, ಅದನ್ನು ಕೈಯಿಂದಲೇ ಬರೆಯಬೇಕು; ಆ ಕೆಲಸವೊಂದಕ್ಕೇ ನುರಿತ ಕೈಗಳಿವೆ. ನಾಲ್ಕು ಬೀಸಿನ, ಉಗುರಿನಷ್ಟು ಗಾತ್ರದ ಗುರುತು ಅದು. ನಕಲು ಮಾಡುವವರು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಅದರ ಬೆನ್ನು ಹತ್ತಿದ್ದಾರೆ.

ಇನ್ನು ಗಡಿಯಾರದ ಡಯಲಿಗೆ ಬರೋಣ. ಅಜ್ಜಂದಿರ ಜೇಬುಗಡಿಯಾರಗಳ ಬಿಳಿಯ ಮುಖವನ್ನು ಜನ ವಾಡಿಕೆಯಲ್ಲಿ ಪಿಂಗಾಣಿ ಎನ್ನುತ್ತಾರೆ. ಅದು ಬಹುಮಟ್ಟಿಗೆ ಎನಾಮೆಲ್; ಎಂದರೆ ತಾಮ್ರದ ತಗಡಿನ ಮೇಲೆ ಗಾಜಿನ ಪುಡಿ ಹರಡಿ ಕರಗಿಸಿದ್ದು. ಒಳಗೆ ತಾಮ್ರವಿರುವುದರಿಂದ ಅದಕ್ಕೊಂದು ಬೆನ್ನೆಲುಬು ಇರುತ್ತದೆ. ಹಿಂಬದಿಗೆ ತಾಮ್ರದ ಕಾಲುಗಳನ್ನು ಬೆಸೆದು ಯಂತ್ರಕ್ಕೆ ಸಿಕ್ಕಿಸಬಹುದು. ಅಪ್ಪಟ ಪಿಂಗಾಣಿಯ ಡಯಲಿಗೆ ಈ ಆಸರೆ ಇಲ್ಲ. ಮುಂಭಾಗದಿಂದ ಹಿಂಭಾಗದವರೆಗೆ ಅದು ಸುಟ್ಟ ಮಣ್ಣೇ. ಅದಕ್ಕೆ ಬೆಸುಗೆ ಹತ್ತದು, ಬಗ್ಗಿಸಿದರೆ ಮುರಿಯುವುದು.

ನನ್ನ ವಿದ್ಯಾರ್ಥಿ ರೈಲಿನ ಟಿಕೆಟಿನ ಹಿಂದೆ ಲೆಕ್ಕ ಹಾಕಿ ತೋರಿಸಿದನು. ಸಿದ್ಧವಾದ ಡಯಲು 36 ಮಿಲಿಮೀಟರು ಅಗಲ ಇರಬೇಕಾದರೆ, ಆರನೆಯ ಒಂದು ಪಾಲು ಕುಗ್ಗುವುದರಿಂದ, ಹಸಿಯ ಬಿಲ್ಲೆ ಸುಮಾರು 43 ಮಿಲಿಮೀಟರು ಇರಬೇಕು. ಕುಗ್ಗುವುದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾದರೆ ಬಿಲ್ಲೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಚಹದ ತಟ್ಟೆ ಕೂದಲೆಳೆಯಷ್ಟು ಸೊಟ್ಟಗಿದ್ದರೆ ಯಾರಿಗೂ ತೊಂದರೆಯಿಲ್ಲ. ಡಯಲಿನ ಮೇಲೆ ಮುಳ್ಳುಗಳು ತಿರುಗಬೇಕು, ಮುಳ್ಳಿನ ಮೇಲೆ ಗಾಜು ಕೂರಬೇಕು. ಅಲ್ಲಿ ಕೂದಲೆಳೆಯೂ ದೊಡ್ಡ ಅಂತರವೇ. ನಡುವಣ ತೂತು ಸರಿಯಾಗಿ ನಡುವೆಯೇ ಇರಬೇಕು. ಅದರ ಅಂಚು ಚಕ್ಕೆ ಏಳಬಾರದು. ಹಾಲಿನಂತಹ ಬಿಳುಪಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡರೂ ಅದು ಕಸಕ್ಕೆ. ಕುಂಚ ಮುಟ್ಟುವ ಮೊದಲೇ ಇಷ್ಟೊಂದು ಪರೀಕ್ಷೆಗಳು!

ಕಪ್ಪು, ಕೆಂಪು, ಹಸಿರು, ನೇರಳೆ ಮೊದಲಾದ ಹೆಚ್ಚಿನ ಬಣ್ಣಗಳನ್ನು ಮೆರುಗಿನ ಮೇಲೆ ಬರೆಯುತ್ತಾರೆ. ಲೋಹಗಳ ಸುಟ್ಟ ಪುಡಿಯನ್ನು ಟರ್ಪೆಂಟೈನ್ ಎಣ್ಣೆಯಲ್ಲಿ ಅರೆದು ಮಾಡಿದ ಬಣ್ಣ ಅದು. ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಇಂತಹ ಬಣ್ಣಗಳ ಸುಮಾರು 10,000 ಪಾಕಗಳನ್ನು ಕಾಪಾಡಿಕೊಂಡು ಬಂದಿದ್ದಾರಂತೆ. ಬರೆದ ಮೇಲೆ ಮತ್ತೆ ಆವಿಗೆಗೆ. ಈ ಸಲದ ಶಾಖ ಕಡಿಮೆ. ಮೆರುಗು ತುಸು ಮೆತ್ತಗಾಗಿ ಬಣ್ಣವನ್ನು ತನ್ನೊಳಕ್ಕೆ ಎಳೆದುಕೊಳ್ಳುವಷ್ಟು. ಆಮೇಲೆ ಬಿಸಿಲು ಅದನ್ನು ಮಾಸಿಸಲಾರದು. ನೂರು ವರ್ಷ ಕಳೆದರೂ ಬರೆದ ದಿನದ ಹೊಳಪೇ.

ರೋಮನ್ ಅಂಕಿಗಳ ಡಯಲನ್ನು ಬರೆಯುವವರ ಕೆಲಸವನ್ನು ಸ್ವಲ್ಪ ಎಣಿಸಿ ನೋಡಿರಿ. ಗಡಿಯಾರಗಳಲ್ಲಿ ನಾಲ್ಕನ್ನು ನಾಲ್ಕು ಕಂಬಗಳಾಗಿ ಬರೆಯುವ ಸಂಪ್ರದಾಯ ಹೆಚ್ಚು. ಅದರಂತೆ ಒಂದರಿಂದ ಹನ್ನೆರಡರವರೆಗೆ ಬರೆದರೆ ನೆಟ್ಟಗಿನ ಕಂಬಗಳು 20, ಐದರ ಗುರುತುಗಳು 4, ಹತ್ತರ ಗುರುತುಗಳು 4. ಒಟ್ಟು 36 ಗೆರೆಗಳು. ಕೆಲವು ದಪ್ಪ, ಕೆಲವು ತೆಳು. ಎಲ್ಲವೂ ಒಂದೇ ಕೇಂದ್ರವನ್ನು ನೋಡಬೇಕು. ಅಂಚಿನಲ್ಲಿ ನಿಮಿಷಗಳ 60 ಗುರುತುಗಳು. ಒಂದರಿಂದ ಒಂದಕ್ಕೆ ಎರಡು ಮಿಲಿಮೀಟರಿಗೂ ಕಡಿಮೆ ಅಂತರ. ಐವತ್ತೊಂಬತ್ತನ್ನು ಸರಿಯಾಗಿ ಬರೆದು ಅರುವತ್ತನೆಯದರಲ್ಲಿ ಕೈ ನಡುಗಿದರೆ, ಬಣ್ಣ ಹಸಿಯಿರುವಾಗ ಒರೆಸಬಹುದು. ಬೆಂಕಿ ಮುಟ್ಟಿದ ಮೇಲೆ ಆ ನಡುಕವೂ ಶಾಶ್ವತವಾಯಿತು.

ಮರುದಿನ ಡ್ರೆಸ್‌ಡೆನ್ನಿನ ವ್ಯಾಪಾರಿಯೊಬ್ಬರ ಗಾಜಿನ ಪೆಟ್ಟಿಗೆಯಲ್ಲಿ ಅಂತಹ ಗಡಿಯಾರವೊಂದನ್ನು ನೋಡಿದೆವು. ಹಾಲಿನ ಕೆನೆಯಂತಹ ಬಿಳುಪು. ಅದರ ಮೇಲೆ ಚಿಕ್ಕದಾಗಿ ಎರಡು ನೀಲಿ ಕತ್ತಿಗಳು. ಬೆಲೆಯೋ, ಕಾಲೇಜು ಅಧ್ಯಾಪಕನೊಬ್ಬನ ಹಲವು ತಿಂಗಳ ಸಂಬಳ.

“ಸಾರ್, ಒಂದು ಮಾತು ಕೇಳಲೆ?” ಎಂದನು ವಿದ್ಯಾರ್ಥಿ. “ಇದೇ ಅಂಕಿಗಳನ್ನು ಯಂತ್ರ ಒಂದು ಕ್ಷಣದಲ್ಲಿ ಅಚ್ಚೊತ್ತುತ್ತದೆ. ಗೆರೆ ಇದಕ್ಕಿಂತ ನೇರವಾಗಿಯೇ ಬರುತ್ತದೆ. ಒಬ್ಬರು ಕಣ್ಣು ನೋಯಿಸಿಕೊಂಡು ಬರೆಯುವುದು, ಇನ್ನೊಬ್ಬರು ಇಷ್ಟು ಹಣ ಸುರಿಯುವುದು, ಇದೆಲ್ಲ ಶ್ರೀಮಂತರ ಜಂಬವಲ್ಲವೆ?”

“ಜಂಬವೇ” ಎಂದೆ. “ಅಗಸ್ಟಸನು ಸೈನಿಕರನ್ನು ಮಾರಿದ್ದೂ ಜಂಬಕ್ಕೇ. ಆದರೆ ನಿನ್ನೆ ನೀಲಿಯ ಹೂ ಬರೆಯುತ್ತಿದ್ದ ಆ ತಾಯಿಯ ಕೈಯನ್ನು ನೋಡಿದೆಯಲ್ಲ, ಅದರಲ್ಲಿ ಜಂಬವಿತ್ತೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಸಾರ್. ಆದರೆ ಆ ಕೈಗೆ ಅನ್ನ ಹಾಕುವುದು ಈ ಜಂಬವೇ ತಾನೆ?” ಎಂದನು.

ಅವನ ಮಾತಿನಲ್ಲಿ ಸತ್ಯವಿತ್ತು. ಅದಕ್ಕೆ ಉತ್ತರ ಹುಡುಕಬೇಕಾದರೆ ಎರಡನೆಯ ಊರನ್ನು ನೋಡಬೇಕು.

ಗ್ಲಾಸ್‌ಹ್ಯುಟ್ಟೆ ಎರ್ಟ್ಸ್ ಬೆಟ್ಟಗಳ ಸೆರಗಿನಲ್ಲಿದೆ. ಎರ್ಟ್ಸ್ ಎಂದರೆ ಅದಿರು. ಬೆಳ್ಳಿಯೂ ಕೋಬಾಲ್ಟೂ ಹುಟ್ಟುವ ಬೆಟ್ಟಗಳು ಇವು. ಬೆಳ್ಳಿಗೆಂದು ಅಗೆದವರಿಗೆ ಬೆಳ್ಳಿ ಕೊಡದೆ ವಿಷದ ಹೊಗೆಯುಗುಳುತ್ತಿದ್ದ ಅದಿರನ್ನು ಗಣಿಗಾರರು ‘ಕೋಬೊಲ್ಡ್’ ಎಂಬ ಭೂತದ ಕಾಟವೆಂದು ಶಪಿಸಿದರು. ಕೋಬಾಲ್ಟ್ ಎಂಬ ಹೆಸರು ಹುಟ್ಟಿದ್ದು ಆ ಶಾಪದಿಂದಲೇ. ಮುಂದೆ ಅದೇ ಭೂತ ಪಿಂಗಾಣಿಗೆ ನೀಲಿಯನ್ನು ಕೊಟ್ಟಿತು. ಡ್ರೆಸ್‌ಡೆನ್ನಿನಿಂದ ಹೊರಟ ರೈಲು ಹೈಡೆನೌ ಎಂಬಲ್ಲಿ ನದಿಯನ್ನು ಬಿಟ್ಟು, ಮ್ಯುಗ್ಲಿಟ್ಸ್ ತೊರೆಯ ಜೊತೆಗೆ ಸುತ್ತುತ್ತ ಬಳಸುತ್ತ ಏರುತ್ತದೆ. ಕಣಿವೆಯ ತಳದಲ್ಲಿ ಒಂದು ಬೀದಿ, ಬೀದಿಯ ಇಕ್ಕೆಲಗಳಲ್ಲಿ ದೊಡ್ಡ ದೊಡ್ಡ ಕಿಟಕಿಗಳ ಕಟ್ಟಡಗಳು. ಗಡಿಯಾರ ಮಾಡುವವರಿಗೆ ಬೆಳಕೇ ಬಂಡವಾಳ.

ಗಣಿಗಳು ಬರಿದಾಗಿ ಜನ ಬಡತನಕ್ಕೆ ಬಿದ್ದಿದ್ದ ಕಾಲದಲ್ಲಿ, 1845ರಲ್ಲಿ, ಫರ್ಡಿನೆಂಡ್ ಅಡಾಲ್ಫ್ ಲಾಂಗೆ ಎಂಬ ಡ್ರೆಸ್‌ಡೆನ್ನಿನ ಗಡಿಯಾರಗಾರನು ಸರ್ಕಾರದಿಂದ ಸಾಲ ಪಡೆದು ಇಲ್ಲಿಗೆ ಬಂದನು. ಕರಾರು ಏನೆಂದರೆ, ಊರಿನ ಹುಡುಗರಿಗೆ ಅವನು ಕೆಲಸ ಕಲಿಸಬೇಕು. ಹದಿನೈದು ಮಂದಿ ಹುಡುಗರಿಂದ ಶಾಲೆಯಂತೆ ಆರಂಭವಾದ ಕೆಲಸ ಬೆಳೆದು ಊರಿಗೆ ಊರೇ ಗಡಿಯಾರದ ಊರಾಯಿತು. 1945ರಲ್ಲಿ ಯುದ್ಧದ ಕಡೆಯ ದಿನ ಇದರ ಮೇಲೆ ಬಾಂಬು ಬಿದ್ದಿತು. ಉಳಿದ ಯಂತ್ರಗಳನ್ನು ಗೆದ್ದವರು ಹೊತ್ತೊಯ್ದರು. 1951ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಊರಿನ ಗಡಿಯಾರದ ಕಾರ್ಖಾನೆಗಳನ್ನೆಲ್ಲ ಒಂದುಗೂಡಿಸಿತು. 1990ರಲ್ಲಿ ದೇಶ ಒಂದಾದಾಗ ಆ ವ್ಯವಸ್ಥೆಯೂ ಕುಸಿಯಿತು. ಆದರೂ ವಿದ್ಯೆ ಸಾಯಲಿಲ್ಲ. ಏಕೆಂದರೆ ಒಬ್ಬರಿಂದ ಒಬ್ಬರು ಕಲಿತ ಜನ ಊರಿನಲ್ಲಿಯೇ ಉಳಿದಿದ್ದರು. ಹಳೆಯ ಸರ್ಕಾರಿ ಕಾರ್ಖಾನೆಯ ಉತ್ತರಾಧಿಕಾರಿಯಾದ ‘ಗ್ಲಾಸ್‌ಹ್ಯುಟ್ಟೆ ಒರಿಜಿನಲ್’ ಎಂಬ ಸಂಸ್ಥೆಯೇ ಮೈಸೆನ್ನಿನ ಡಯಲುಗಳ ಗಡಿಯಾರವನ್ನು ಮಾಡಿದ್ದು.

ಮೈಸೆನ್ನಿನ ಕಥೆಯೂ ಹೀಗೆಯೇ. ದೊರೆಗಳು ಹೋದರು, ಎರಡು ಮಹಾಯುದ್ಧಗಳು ಬಂದವು, ಸರ್ಕಾರಗಳು ಬದಲಾದವು. 1991ರಿಂದ ಕಾರ್ಖಾನೆ ಸ್ಯಾಕ್ಸನಿ ರಾಜ್ಯದ ಸ್ವತ್ತು. ಅಲ್ಲಿಗೂ ಕಷ್ಟಗಳಿಲ್ಲದೆ ಇಲ್ಲ. ಹಬ್ಬಕ್ಕೆ ಪಿಂಗಾಣಿಯ ತಟ್ಟೆಗಳನ್ನು ಹೊರತೆಗೆದು ಬಡಿಸುವ ಮನೆಗಳು ಯೂರೋಪಿನಲ್ಲಿ ಕಡಿಮೆಯಾಗುತ್ತಿವೆ. 2010ರ ದಶಕದಲ್ಲಿ ಸಂಸ್ಥೆ ನಷ್ಟವನ್ನೂ ಕಂಡಿತು. ಆದರೂ ಹೊಸಬರನ್ನು ತೆಗೆದುಕೊಂಡು, ವರ್ಷಗಟ್ಟಲೆ ಕುಳ್ಳಿರಿಸಿ, ಎಲೆ ಬರೆಯುವುದನ್ನೂ ಹೂ ಬರೆಯುವುದನ್ನೂ ಕಲಿಸುವ ಪದ್ಧತಿಯನ್ನು ಅವರು ಬಿಟ್ಟಿಲ್ಲ.

ವಿದ್ಯಾರ್ಥಿಯ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು. ಕೊಳ್ಳುವವನ ಹಣ ಒಂದು ತಲೆಮಾರಿನ ಕೈಗೆ ಅನ್ನ ಹಾಕಬಹುದು. ಮುಂದಿನ ತಲೆಮಾರಿನ ಕೈಯನ್ನು ಸಿದ್ಧಮಾಡುವುದು ಪಾಠಶಾಲೆ. ಶ್ರೀಮಂತರ ಜಂಬ ಎಲ್ಲ ದೇಶಗಳಲ್ಲಿಯೂ ಇತ್ತು. ಅದು ಪೋಷಿಸಿದ ಕಲೆಗಳು ಎಲ್ಲ ಕಡೆಯೂ ಉಳಿಯಲಿಲ್ಲ. ಕಲಿಸುವ ಏರ್ಪಾಡು ಎಲ್ಲಿ ಗಟ್ಟಿಯಾಗಿತ್ತೋ ಅಲ್ಲಿ, ಕೊಳ್ಳುವವರು ಬದಲಾದರೂ, ವಿದ್ಯೆ ಹೊಸ ಗಿರಾಕಿಯನ್ನು ಹುಡುಕಿಕೊಂಡಿತು. ಹೂಜಿಗೆ ಬರೆಯುತ್ತಿದ್ದ ಕುಂಚ ಡಯಲಿಗೆ ಬರೆಯಿತು.

ಬೆಂಗಳೂರಿನವರಾದ ನಮಗೆ ಈ ಮಾತು ದೂರದ್ದಲ್ಲ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಇಲ್ಲಿ ಆರಂಭವಾಯಿತು. ಅದರ ಡಯಲು ಅಚ್ಚೊತ್ತಿದ ಲೋಹದ್ದು. ಅದು ಹಾಗೆಯೇ ಇರಬೇಕಾಗಿತ್ತು. ಗುಮಾಸ್ತೆ, ಶಾಲೆಯ ಮೇಷ್ಟ್ರು, ಪರೀಕ್ಷೆ ಪಾಸಾದ ಹುಡುಗ, ಹಸೆಯ ಮೇಲೆ ಕುಳಿತ ಅಳಿಯ, ಎಲ್ಲರ ಕೈಗೂ ಗಡಿಯಾರ ಕಟ್ಟುವುದು ಅದರ ಗುರಿ. ಆ ಗುರಿಯನ್ನು ಅದು ಮುಟ್ಟಿತು. ಕಾಲ ಬದಲಾಯಿತು, ಪೈಪೋಟಿ ಹೆಚ್ಚಿತು, 2016ರಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಕಾರ್ಖಾನೆಯ ಯಂತ್ರವನ್ನು ಇನ್ನೊಬ್ಬರಿಗೆ ಮಾರಬಹುದು. ಕೂದಲಿಗಿಂತ ತೆಳುವಾದ ಸುರುಳಿಯನ್ನು ಚಿಮುಟದಲ್ಲಿ ಹಿಡಿಯಬಲ್ಲ ಕೈಯ ಅಭ್ಯಾಸವನ್ನು ಮಾರುವಂತಿಲ್ಲ. ಇನ್ನೊಂದು ಕೈಗೆ ಕಲಿಸಬೇಕು, ಅಷ್ಟೆ. ನಮ್ಮ ಊರಿನಲ್ಲಿ ಅಂತಹ ಕೈಗಳಿದ್ದವು. ಹಲವು ಇನ್ನೂ ಇವೆ. ಅವರ ಎದುರಿನ ಸ್ಟೂಲಿನ ಮೇಲೆ ಕುಳಿತು ಕಲಿಯುವವರು ಎಷ್ಟು ಮಂದಿ ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಓದುಗರ ಮನೆಯ ಪೆಟ್ಟಿಗೆಯಲ್ಲಿ ಹಿರಿಯರ ಜೇಬುಗಡಿಯಾರವೇನಾದರೂ ಇದ್ದರೆ, ನಿಂತಿದ್ದರೂ ಚಿಂತೆಯಿಲ್ಲ, ಒಮ್ಮೆ ಹೊರಗೆ ತೆಗೆಯಿರಿ. ಒಳ್ಳೆಯ ಬೆಳಕಿನಲ್ಲಿ, ಭೂತಗನ್ನಡಿಯಿಟ್ಟು ಅದರ ಅಂಕಿಗಳನ್ನು ನೋಡಿರಿ. ಎಲ್ಲ ಗೆರೆಗಳೂ ಒಂದೇ ಅಚ್ಚಿನಲ್ಲಿ ಎರೆದಂತಿದ್ದರೆ ಅದು ಯಂತ್ರದ ಕೆಲಸ. ಒಂದು ಗೆರೆಯ ತುದಿ ಇನ್ನೊಂದಕ್ಕಿಂತ ಎಳ್ಳಷ್ಟು ದಪ್ಪವಾಗಿದ್ದರೆ, ಯಾರೋ ಒಬ್ಬರು ಉಸಿರು ಬಿಗಿಹಿಡಿದು ಅಲ್ಲಿ ಕುಂಚವನ್ನು ಎತ್ತಿದ್ದಾರೆ. ಮಕ್ಕಳನ್ನು ಕರೆದು ಅದನ್ನು ತೋರಿಸಿರಿ.